ಮಾಲ್‌ಗೆ ಜನ ಬೇಕು, ಕೋಠಿಗೆ ಜಾಗ ಬೇಕು

ದೇಶದ ದೊಡ್ಡ ನಗರಗಳಲ್ಲಿ 2022ರಲ್ಲಿ 57 ಮಾಲ್‌ಗಳು ಹೆಚ್ಚುಕಡಿಮೆ ಉಸಿರು ನಿಂತ ಸ್ಥಿತಿಯಲ್ಲಿದ್ದವು. ಒಂದೇ ವರ್ಷದಲ್ಲಿ ಆ ಸಂಖ್ಯೆ 64ಕ್ಕೆ ಏರಿತು. ಆಸ್ತಿ ವ್ಯವಹಾರದ ಸಲಹಾ ಸಂಸ್ಥೆ ನೈಟ್ ಫ್ರಾಂಕ್ 2024ರಲ್ಲಿ ಪ್ರಕಟಿಸಿದ ವರದಿಯ ಲೆಕ್ಕವಿದು. ಶೇ 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿದ್ದರೆ ಆ ಕಟ್ಟಡವನ್ನು ವರದಿ ‘ಘೋಸ್ಟ್ ಮಾಲ್’ ಪಟ್ಟಿಗೆ ಸೇರಿಸುತ್ತದೆ. ದೆಹಲಿ, ಮುಂಬೈ, ಬೆಂಗಳೂರುಗಳಲ್ಲಿ ಹೀಗೆ ಪಾಳುಬಿದ್ದ ಜಾಗ ಹೆಚ್ಚಿತು. ಕಡಿಮೆಯಾದದ್ದು ಹೈದರಾಬಾದಿನಲ್ಲಿ ಮಾತ್ರ, ಶೇ 19ರಷ್ಟು.

ಹೈದರಾಬಾದಿನಲ್ಲಿ ಮಾಲ್‌ಗಳು ಚೇತರಿಸಿಕೊಂಡ ಬಗೆ ಅರಿಯಲು ಕೂಕಟ್‌ಪಲ್ಲಿಯ ಉದಾಹರಣೆ ಸಾಕು. ಅಲ್ಲಿನ ಮಂಜೀರಾ ಮಾಲ್ 2023ರ ಸೆಪ್ಟೆಂಬರಿನಲ್ಲಿ ಲುಲು ಮಾಲ್ ಆಗಿ ಮತ್ತೆ ಬಾಗಿಲು ತೆರೆಯಿತು. ಕಟ್ಟಡ ಹಳೆಯದೇ, ಒಳಗಿನ ಯೋಜನೆ ಬೇರೆ: ದಿನಸಿಯಿಂದ ಮೀನಿನವರೆಗೆ ಎಲ್ಲವನ್ನೂ ಮಾರುವ ಭಾರೀ ಹೈಪರ್‌ಮಾರ್ಕೆಟ್, ಮಕ್ಕಳ ಆಟದ ಅಂಗಳ, ಸಿನಿಮಾ ಪರದೆಗಳು, ಊಟದ ಸಾಲು. ಮೊದಲ ದಿನಗಳಲ್ಲಿ ನುಗ್ಗಿದ ಜನಸಂದಣಿಗೆ ಆ ಭಾಗದ ರಸ್ತೆಗಳೇ ಕಟ್ಟಿಹೋದವು. ಉಳಿದ ಕಡೆಯೂ ದಾರಿ ಇದೇ. ಕೊಂಡಾಪುರದ ಶರತ್ ಸಿಟಿ ಕ್ಯಾಪಿಟಲ್ ಮಾಲ್‌ಗೆ ಹೋಗುವ ಬಹಳ ಮಂದಿಗೆ ಅದು ನಟ ಮಹೇಶ್ ಬಾಬು ಪಾಲುದಾರಿಕೆಯ ಎಎಂಬಿ ಸಿನಿಮಾಸ್ ಇರುವ ಜಾಗ. ಬಟ್ಟೆ ಅಂಗಡಿಗಳ ಜಾಗ ಕುಗ್ಗಿದೆ. ತಿನಿಸು, ಆಟ, ಜಿಮ್, ಕ್ಲಿನಿಕ್, ವಾರಾಂತ್ಯದ ಸಂಗೀತ ಕಾರ್ಯಕ್ರಮಗಳು ಆ ಜಾಗಕ್ಕೆ ಬಂದಿವೆ. ಬೆಂಗಳೂರಿನ ಮಾಲ್‌ಗಳಲ್ಲೂ ಇದನ್ನೇ ಕಾಣುತ್ತೇವೆ.

ಮಾಲ್‌ಗಳು ಬಿಕೋ ಎನ್ನಲು ಮೊಬೈಲಿನಲ್ಲಿ ಸಾಮಾನು ಕೊಳ್ಳುವ ರೂಢಿಯೊಂದೇ ಕಾರಣ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ಅರ್ಧ ಸತ್ಯ. 2005ರಿಂದ 2012ರ ನಡುವೆ ನಮ್ಮ ನಗರಗಳಲ್ಲಿ ಎದ್ದ ಎಷ್ಟೋ ಮಾಲ್‌ಗಳಲ್ಲಿ ಕಟ್ಟಿದವರು ಒಂದೊಂದು ಮಳಿಗೆಯನ್ನು ಒಬ್ಬೊಬ್ಬರಿಗೆ ಮಾರಿ ಕೈತೊಳೆದುಕೊಂಡರು. ಇನ್ನೂರು ಮಳಿಗೆಗಳಿಗೆ ಇನ್ನೂರು ಒಡೆಯರಾದ ಮೇಲೆ ಯಾವ ಅಂಗಡಿ ಎಲ್ಲಿರಬೇಕು, ಕೆಟ್ಟ ಎಸ್ಕಲೇಟರ್ ಯಾರು ರಿಪೇರಿ ಮಾಡಿಸಬೇಕು ಎಂದು ನಿರ್ಧರಿಸುವವರೇ ಇರಲಿಲ್ಲ. ದೊಡ್ಡ ಮಳಿಗೆಯೊಂದು ಬಿಟ್ಟುಹೋದರೆ ಅದರ ನೆರಳಲ್ಲಿ ಬದುಕಿದ್ದ ಸಣ್ಣವರು ವರ್ಷದೊಳಗೆ ಖಾಲಿ ಮಾಡುತ್ತಿದ್ದರು. ಆದ್ದರಿಂದ ಇಂದು ಬದುಕುಳಿದಿರುವ ಮಾಲ್‌ಗಳಲ್ಲಿ ಬಹುಪಾಲು ಒಬ್ಬ ಒಡೆಯನ ಕೈಯಲ್ಲಿರುವಂಥವು. ಆ ಒಡೆಯನೂ ಹಲವೆಡೆ ಈಗ ಸ್ಥಳೀಯ ಬಿಲ್ಡರ್ ಅಲ್ಲ. ಬೆಂಗಳೂರಿನ ಕೋರಮಂಗಲದ ಫೋರಂ, ಹೈದರಾಬಾದಿನ ಫೋರಂ ಸುಜನಾ, ಮೈಸೂರಿನ ಸೆಂಟರ್ ಸಿಟಿ, ಮಂಗಳೂರಿನ ಫಿಜಾ ನಾಲ್ಕೂ ಇಂದು ನೆಕ್ಸಸ್ ಹೆಸರಿನ ಅಡಿಯಲ್ಲಿವೆ. ಈ ಮಾಲ್‌ಗಳ ಸಮೂಹ 2023ರ ಮೇ ತಿಂಗಳಲ್ಲಿ ಆಸ್ತಿ ಹೂಡಿಕೆ ಟ್ರಸ್ಟ್ ಆಗಿ ಷೇರುಪೇಟೆ ಪ್ರವೇಶಿಸಿತು. ಚಿಲ್ಲರೆ ಮಾರಾಟದ ಆಸ್ತಿಗಳದ್ದೇ ಆದ ಇಂಥ ಟ್ರಸ್ಟ್ ದೇಶದಲ್ಲಿ ಅದೇ ಮೊದಲು. ಎಲ್ಲೋ ಕುಳಿತ ಹೂಡಿಕೆದಾರನಿಗೆ ಮೂರು ತಿಂಗಳಿಗೊಮ್ಮೆ ಬಾಡಿಗೆಯ ಲೆಕ್ಕ ಒಪ್ಪಿಸಬೇಕಾದ ಕಟ್ಟಡ ಜನರನ್ನು ಹೇಗಾದರೂ ಒಳಗೆ ತರಲೇಬೇಕು.

ಸಮಸ್ಯೆ ಶುರುವಾಗುವುದು ಇಲ್ಲಿ. ಮಾಲ್‌ನ ಬಾಡಿಗೆ ಒಪ್ಪಂದದಲ್ಲಿ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಕನಿಷ್ಠ ಇಷ್ಟು ಎಂಬ ನಿಗದಿ, ಇಲ್ಲವೇ ವ್ಯಾಪಾರದಲ್ಲಿ ಪಾಲು, ಯಾವುದು ಹೆಚ್ಚೋ ಅದು ಮಾಲಿಕನಿಗೆ. ಇದರ ಮೇಲೆ ದೀಪ, ಎ.ಸಿ., ಸ್ವಚ್ಛತೆ, ಕಾವಲಿನ ನಿರ್ವಹಣಾ ಶುಲ್ಕ. ಇಷ್ಟನ್ನು ಕಟ್ಟಬಲ್ಲವರು ದೊಡ್ಡ ಕಂಪನಿಗಳು. ಹಾಗಾಗಿ ಬೆಂಗಳೂರಿನ ಮಾಲ್‌ನಲ್ಲಿ ಕಂಡ ಅಂಗಡಿಯೇ ಹೈದರಾಬಾದಿನಲ್ಲೂ ಮಂಗಳೂರಿನಲ್ಲೂ ಕಾಣುತ್ತದೆ. ಅಂಗಡಿ ಒಂದೇ ಆದಾಗ ಅದಕ್ಕಾಗಿ ಯಾರೂ ಹತ್ತು ಕಿಲೊಮೀಟರ್ ಬರುವುದಿಲ್ಲ. ಬರಿಸಬೇಕಾದರೆ ಏನಾದರೂ ಹೊಸದು ನಡೆಯುತ್ತಲೇ ಇರಬೇಕು: ಈ ವಾರ ಹಾಡು, ಮುಂದಿನ ವಾರ ಆಹಾರ ಮೇಳ, ಅದರ ಮುಂದಿನ ವಾರ ಕೃತಕ ಹಿಮ. ಜಾತ್ರೆಗೆ ಜನ ಸೇರುವುದು ಅದು ವರ್ಷಕ್ಕೊಮ್ಮೆ ಬರುತ್ತದೆಂದು. ವರ್ಷವಿಡೀ ಜಾತ್ರೆ ನಡೆಸಹೊರಟ ಊರು ಬೇಗ ದಣಿಯುತ್ತದೆ. ಮಾಲ್‌ಗಳು ಈಗ ಹಿಡಿದಿರುವ ದಾರಿಯ ಬಗ್ಗೆ ನನ್ನ ತಕರಾರು ಇಷ್ಟೇ: ಅವು ಜನರನ್ನು ದಿನದಿನವೂ ದುಡ್ಡು ಕೊಟ್ಟು ಕರೆತರುತ್ತಿವೆ. ಜನ ತಾವಾಗಿ ಬರುವ ಕಾರಣವನ್ನು ಕಟ್ಟುತ್ತಿಲ್ಲ.

ಆ ಕಾರಣ ಹೇಗಿರುತ್ತದೆ ಎಂಬುದನ್ನು ನೋಡಲು ಹೈದರಾಬಾದಿನಲ್ಲೇ ಒಂದು ಜಾಗವಿದೆ. ಅದು ಕೋಠಿ.

ಬೀದರ್, ಕಲಬುರಗಿ, ರಾಯಚೂರು ಕಡೆಯ ಹಿರಿಯರಿಗೆ ಕೋಠಿಯನ್ನು ಪರಿಚಯಿಸಬೇಕಿಲ್ಲ. 1956ರವರೆಗೆ ಈ ಜಿಲ್ಲೆಗಳ ರಾಜಧಾನಿ ಹೈದರಾಬಾದೇ ಆಗಿತ್ತು. ಕಾಲೇಜು, ಆಸ್ಪತ್ರೆ, ಕಚೇರಿ, ಮದುವೆಯ ಬಟ್ಟೆ ಯಾವುದಕ್ಕೇ ಹೊರಟರೂ ದಾರಿ ಅಲ್ಲಿಗೆ ಸೇರುತ್ತಿತ್ತು. ಇಂದಿಗೂ ಬೀದರಿನಿಂದ ಬಂದ ಬಸ್ಸು ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿಸಿದರೆ ಅಲ್ಲಿಂದ ಕೋಠಿ ಹತ್ತಿರ. ಪಕ್ಕದ ಕಾಚಿಗುಡದಲ್ಲಿ ಕನ್ನಡಿಗರ ಮನೆಗಳು, ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆ. ಉಳಿದ ಓದುಗರು ಬೆಂಗಳೂರಿನ ಕೆ.ಆರ್. ಮಾರ್ಕೆಟ್, ವಿಕ್ಟೋರಿಯಾ ಆಸ್ಪತ್ರೆ, ಅವೆನ್ಯೂ ರಸ್ತೆ, ಚಿಕ್ಕಪೇಟೆಗಳನ್ನು ಒಟ್ಟಿಗೆ ಕಣ್ಣಮುಂದೆ ತಂದುಕೊಂಡರೆ ಕೋಠಿಯ ಚಹರೆ ಸಿಗುತ್ತದೆ.

ಕೋಠಿಯ ಒಂದೊಂದು ಗಲ್ಲಿಗೂ ಒಂದೊಂದು ಕಸುಬು. ಸುಲ್ತಾನ್ ಬಜಾರಿನಲ್ಲಿ ಹೆಣ್ಣುಮಕ್ಕಳ ಬಟ್ಟೆ, ಬಳೆ, ಲೇಸು. ಬಡಿ ಚೌಡಿಯಲ್ಲಿ ತರಕಾರಿ, ಬಟ್ಟೆ, ಮನೆಬಳಕೆಯ ಸಾಮಾನು. ಗುಜರಾತಿ ಗಲ್ಲಿಯಲ್ಲಿ ಮೊಬೈಲಿನ ಬಿಡಿಭಾಗ, ವೈರು, ಸ್ಪೀಕರು. ಟ್ರೂಪ್ ಬಜಾರಿನಲ್ಲಿ ನಲ್ಲಿ, ಟೈಲ್ಸು, ದೀಪ. ಮಹಿಳಾ ಕಾಲೇಜಿನ ಕಡೆ ಹೋದರೆ ಹಳೆಯ ಪುಸ್ತಕಗಳ ಅಂಗಡಿಗಳು. ಎಂಜಿನಿಯರಿಂಗ್, ಮೆಡಿಕಲ್, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕವನ್ನು ಕಡಿಮೆ ಬೆಲೆಗೆ ಕೊಂಡು, ಓದಿ, ಮತ್ತೆ ಅಲ್ಲೇ ಮಾರಿ ಹೋಗುವ ವ್ಯವಸ್ಥೆ ತಲೆಮಾರುಗಳಿಂದ ನಡೆದುಬಂದಿದೆ. ಮಾಲ್ ತಜ್ಞರು ಸೋಲಿಗೆ ಮೊದಲ ಕಾರಣವೆಂದು ತೋರಿಸುವುದು, ಅಂದರೆ ಸಾವಿರ ಅಂಗಡಿಗೆ ಸಾವಿರ ಒಡೆಯರು, ಇಲ್ಲಿ ಮೊದಲಿನಿಂದಲೂ ಇದೆ. ಆದರೂ ಕೋಠಿ ಖಾಲಿಯಾಗಿಲ್ಲ. ಯಾಕೆ?

ಅಂಗಡಿಗಳ ಹೊರಗೆ ಹುಡುಕಿದರೆ ಉತ್ತರ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ನಿಜಾಮರ ಆಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ (ರೆಸಿಡೆಂಟ್) ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಾಲದಲ್ಲಿ ಇಲ್ಲಿ, ಮೂಸಿ ನದಿಯ ಉತ್ತರ ದಂಡೆಯಲ್ಲಿ, ರೆಸಿಡೆನ್ಸಿ ಕಟ್ಟಡ ಎದ್ದಿತು. ಅದರ ಸುತ್ತ ರೆಸಿಡೆನ್ಸಿ ಬಜಾರ್ ಬೆಳೆಯಿತು. ಅಲ್ಲಿ ನಡೆಯುತ್ತಿದ್ದುದು ನಿಜಾಮರ ಆಡಳಿತವಲ್ಲ, ರೆಸಿಡೆಂಟನದು. ಸಾಲ ವಸೂಲಿಗೂ ಆಸ್ತಿ ರಕ್ಷಣೆಗೂ ಅಲ್ಲಿ ಭದ್ರತೆ ಹೆಚ್ಚೆಂದು ಸಾಹುಕಾರರು ಬಂದು ನೆಲೆಸಿದರು. 1933ರಲ್ಲಿ ಆ ಬಜಾರ್ ನಿಜಾಮರ ಆಡಳಿತಕ್ಕೆ ಮರಳಿದಾಗ ಸುಲ್ತಾನ್ ಬಜಾರ್ ಎಂಬ ಹೆಸರು ಬಂತು. ಸಾಹುಕಾರರಿಗೆ ಸಿಕ್ಕ ಆ ಭದ್ರತೆ ವಸಾಹತುಶಾಹಿಯ ಲಾಭಕ್ಕಾಗಿ ಇದ್ದದ್ದು. 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಇದೇ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದರು. ಆದರೆ ಅದೇ ಆವರಣದ ಅಂಚಿನಲ್ಲಿ ನಿಜಾಮರ ರಾಜ್ಯದ ಬೇರೆಡೆ ಕಷ್ಟವಾಗಿದ್ದ ಸಾರ್ವಜನಿಕ ಬದುಕು ಮೊಳೆಯಿತು ಎಂಬುದೂ ನಿಜ. 1892ರಲ್ಲಿ ಆರ್ಯ ಸಮಾಜ ಇಲ್ಲಿ ನೆಲೆ ಮಾಡಿತು. 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂಬ ತೆಲುಗು ಗ್ರಂಥಾಲಯ ತೆರೆಯಿತು. ಹತ್ತಿರದಲ್ಲೇ 1907ರಲ್ಲಿ ಮರಾಠಿ ಭಾಷಿಕರ ಮುಂದಾಳತ್ವದಲ್ಲಿ ವಿವೇಕ ವರ್ಧಿನಿ ಶಾಲೆ ಶುರುವಾಯಿತು. 1949ರಲ್ಲಿ ರೆಸಿಡೆನ್ಸಿ ಕಟ್ಟಡವೇ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಯಿತು. ಇಂದು ಅದು ಮಹಿಳಾ ವಿಶ್ವವಿದ್ಯಾಲಯ, ತೆಲಂಗಾಣ ರೈತ ಹೋರಾಟದ ಚಾಕಲಿ ಐಲಮ್ಮನ ಹೆಸರಿನಲ್ಲಿದೆ. ಉಸ್ಮಾನಿಯಾ ವೈದ್ಯಕೀಯ ಕಾಲೇಜು, ಸರ್ಕಾರಿ ಇ.ಎನ್.ಟಿ. ಆಸ್ಪತ್ರೆ, ಸುಲ್ತಾನ್ ಬಜಾರಿನ ಹೆರಿಗೆ ಆಸ್ಪತ್ರೆ, ಬ್ಯಾಂಕ್ ಸ್ಟ್ರೀಟಿನ ಬ್ಯಾಂಕುಗಳು, ನಗರ ಬಸ್ಸುಗಳ ನಿಲ್ದಾಣ ಎಲ್ಲವೂ ನಡೆದುಹೋಗುವ ದೂರದಲ್ಲಿವೆ.

ಕಿವಿ ತೋರಿಸಲು ಬಂದ ಅಜ್ಜ ವೈದ್ಯರ ಸರದಿ ಬರುವವರೆಗೆ ಹೊರಗೆ ಹೋಗಿ ಚಹಾ ಕುಡಿಯುತ್ತಾನೆ. ಅವನ ಜತೆಗೆ ಬಂದ ಮಗಳು ಬಡಿ ಚೌಡಿಗೆ ಹೋಗಿ ಎರಡು ಬ್ಲೌಸ್ ಪೀಸ್ ತರುತ್ತಾಳೆ. ತರಗತಿ ಮುಗಿಸಿದ ವಿದ್ಯಾರ್ಥಿನಿಯರು ಸಂಜೆ ಸುಲ್ತಾನ್ ಬಜಾರಿನಲ್ಲಿ ಕಿವಿಯೋಲೆ ನೋಡುತ್ತಾರೆ, ಕೊಂಡರೂ ಕೊಳ್ಳದಿದ್ದರೂ. ಇವರಲ್ಲಿ ಯಾರನ್ನೂ ವ್ಯಾಪಾರಿ ಕರೆಸಲಿಲ್ಲ. ಊರಿನ ಕೆಲಸ ಅವರನ್ನು ಕರೆತಂದಿತು, ವ್ಯಾಪಾರಿ ದಾರಿಯಲ್ಲಿ ಸಿಕ್ಕ. ಆ ಅಂಗಡಿಗೆ ಜಾಹೀರಾತಿನ ಖರ್ಚಿಲ್ಲ. ಹಾಗಾಗಿ ಬೆಲೆ ಇಳಿಸಲು ಆಗುತ್ತದೆ. ಬೆಲೆ ಕಡಿಮೆ ಎಂಬ ಮಾತು ಹಬ್ಬಿ, ಕೆಲಸವಿಲ್ಲದವರೂ ಬರುತ್ತಾರೆ. ಒಂದೇ ಕಸುಬಿನ ಐವತ್ತು ಅಂಗಡಿ ಅಕ್ಕಪಕ್ಕ ಇರುವುದರಿಂದ ಒಂದರಲ್ಲಿ ಸಿಗದ ಸ್ಕ್ರೂ ಮತ್ತೊಂದರಲ್ಲಿ ಸಿಗುತ್ತದೆ, ಬೆಲೆಗೆ ತಾನಾಗಿ ಕಡಿವಾಣ ಬೀಳುತ್ತದೆ, ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಮಾಲ್ ಕಟ್ಟುವವರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ: ಜನರನ್ನು ಸೆಳೆಯುವ ದೊಡ್ಡ ಮಳಿಗೆಗಳನ್ನು ದೂರದೂರ ಇಟ್ಟು ಜನರನ್ನು ಹೆಚ್ಚು ನಡೆಸುತ್ತಾರೆ.

ಕೋಠಿಯ ಈ ಶಕ್ತಿ ಆಪತ್ತಿನಲ್ಲೂ ಉಳಿಯಿತು. 2007ರ ಆಗಸ್ಟ್ 25ರ ಸಂಜೆ ಇಲ್ಲಿನ ಗೋಕುಲ್ ಚಾಟ್ ಅಂಗಡಿಯಲ್ಲೂ ನಗರದ ಲುಂಬಿನಿ ಪಾರ್ಕಿನಲ್ಲೂ ಬಾಂಬ್ ಸ್ಫೋಟಿಸಿ 40ಕ್ಕೂ ಹೆಚ್ಚು ಜನ ಸತ್ತರು. ಚಾಟ್ ಅಂಗಡಿ ಮತ್ತೆ ತೆರೆಯಿತು, ಜನ ಮತ್ತೆ ಬಂದರು. ಮೆಟ್ರೊ ಮಾರ್ಗವನ್ನು ಸುಲ್ತಾನ್ ಬಜಾರಿನ ಇಕ್ಕಟ್ಟಿನ ರಸ್ತೆಯ ಮೇಲೆ ತರುವುದನ್ನು ವ್ಯಾಪಾರಿಗಳು ವರ್ಷಗಟ್ಟಲೆ ವಿರೋಧಿಸಿದರು. ಅವರ ಭಯ ಸುಳ್ಳಲ್ಲ: ರಸ್ತೆ ಅಗಲಿಸಿದರೆ ಮೊದಲು ಹೋಗುವುದು ಆರಡಿ ಅಂಗಡಿಯೇ. ಕೊನೆಗೆ 2020ರ ಫೆಬ್ರುವರಿ 7ರಂದು ಜ್ಯುಬಿಲಿ ಬಸ್ ನಿಲ್ದಾಣದಿಂದ ಮಹಾತ್ಮ ಗಾಂಧಿ ಬಸ್ ನಿಲ್ದಾಣದವರೆಗಿನ ಮಾರ್ಗ ಶುರುವಾಯಿತು. ಈಗ ಸುಲ್ತಾನ್ ಬಜಾರ್ ಹೆಸರಿನದೇ ನಿಲ್ದಾಣವಿದೆ, ಅದರ ಕೆಳಗೆ ಬಜಾರೂ ಇದೆ.

ಮಾಲ್ ಮತ್ತು ಬಜಾರನ್ನು ಬೆಸೆಯುವ ಪ್ರಯತ್ನ ಇದೇ ನೆರೆಹೊರೆಯಲ್ಲಿ ನಡೆದುಹೋಗಿದೆ. ಬಿಗ್ ಬಜಾರ್ 2001ರಲ್ಲಿ ಹುಟ್ಟಿದಾಗ ಅದರ ಮೊದಲ ಮಳಿಗೆಗಳಲ್ಲಿ ಒಂದು ಕೋಠಿಗೆ ಹೊಂದಿಕೊಂಡ ಅಬಿಡ್ಸ್‌ನಲ್ಲಿತ್ತು. ಸ್ಥಾಪಕ ಕಿಶೋರ್ ಬಿಯಾನಿ ವಿದೇಶಿ ಮಾದರಿಯ ಅಗಲ ಓಣಿಗಳನ್ನು ಒಪ್ಪಲಿಲ್ಲ. ಇಕ್ಕಟ್ಟು, ರಾಶಿ, ಕೂಗು, ಗಲಾಟೆ ಇದ್ದರೆ ತಾನೇ ನಮ್ಮವರಿಗೆ ಸಂತೆಯ ಅನುಭವ ಎಂದು ಬೇಕೆಂದೇ ಮಳಿಗೆಯನ್ನು ಗಿಜಿಗಿಜಿ ಮಾಡಿಸಿದರು. ಅದು ಚುರುಕು ಬುದ್ಧಿಯ ಕೆಲಸ, ಜನ ಒಪ್ಪಿದರು. ಕಾಚಿಗುಡದಲ್ಲಿ ಮಹೇಶ್ವರಿ, ಪರಮೇಶ್ವರಿ ಎಂಬ ಜೋಡಿ ಚಿತ್ರಮಂದಿರಗಳಿದ್ದ ಜಾಗದ ಮಾಲ್‌ನಲ್ಲೂ ಅದರ ಮಳಿಗೆ ಬಂತು. ಆದರೆ ಸಾಲದ ಹೊರೆ, ಕೋವಿಡ್, ದೊಡ್ಡ ಕಂಪನಿಗಳ ನಡುವಿನ ಕಾನೂನು ಜಗಳ ಒಟ್ಟಾಗಿ ಆ ಸಂಸ್ಥೆಯನ್ನು 2022ರಲ್ಲಿ ನೆಲಕಚ್ಚಿಸಿದವು. ದೇಶದಾದ್ಯಂತ ಒಂದೇ ಹೆಸರಿನ ನೂರಾರು ಮಳಿಗೆಗಳು ಒಂದೇ ಕಾಲಕ್ಕೆ ಮುಳುಗಿದವು. ಬಜಾರಿನ ಗದ್ದಲವನ್ನು ನಕಲು ಮಾಡಬಹುದಿತ್ತು. ಬಜಾರಿನ ಹರಡಿದ ಒಡೆತನವನ್ನು ಮಾಡಲಾಗಲಿಲ್ಲ. ಕೋಠಿಯಲ್ಲಿ ಒಬ್ಬ ಸಾಲದಲ್ಲಿ ಮುಳುಗಿದರೆ ಒಂದು ಶಟರ್ ಇಳಿಯುತ್ತದೆ. ಪಕ್ಕದವರ ವ್ಯಾಪಾರ ನಿಲ್ಲುವುದಿಲ್ಲ.

ಇಷ್ಟು ಓದಿದವರು ಕೇಳಬಹುದಾದ ಪ್ರಶ್ನೆ ಗಟ್ಟಿಯಾದದ್ದು: ಕೋಠಿ ಅಷ್ಟು ಚೆನ್ನಾಗಿದ್ದರೆ ಅಲ್ಲಿ ಹೋಗಿ ಬಂದ ಹೆಂಗಸರು ಯಾಕೆ ಮಾಲೇ ವಾಸಿ ಎನ್ನುತ್ತಾರೆ? ಅವರು ಹೇಳುವುದರಲ್ಲಿ ಹುಸಿಯಿಲ್ಲ. ಮಾಲ್‌ನಲ್ಲಿ ಶೌಚಾಲಯವಿದೆ. ಮೇ ತಿಂಗಳ ಬಿಸಿಲಿನಲ್ಲಿ ತಂಪಿದೆ. ಗರ್ಭಿಣಿ ಕುಳಿತುಕೊಳ್ಳಬಹುದು, ಗಾಲಿಕುರ್ಚಿಯವರು ಲಿಫ್ಟಿನಲ್ಲಿ ಮೇಲೆ ಹೋಗಬಹುದು. ಸಂದಣಿಯಲ್ಲಿ ಮೈ ತಾಗಿಸಿಕೊಂಡು ಹೋಗುವ ಗಂಡಸರ ಕಾಟ ಕಡಿಮೆ. ಕಾಲೇಜು ಹುಡುಗಿಯರಿಗೆ ಮನೆಯವರ ಕಣ್ಣಿನಿಂದ ದೂರ ಎರಡು ಗಂಟೆ ಸ್ನೇಹಿತೆಯರೊಂದಿಗೆ ಕುಳಿತು ಮಾತಾಡಲು ನಮ್ಮ ಊರುಗಳಲ್ಲಿ ಇರುವ ಕೆಲವೇ ಜಾಗಗಳಲ್ಲಿ ಮಾಲ್ ಒಂದು. ಇದು ಸಣ್ಣ ಸ್ವಾತಂತ್ರ್ಯವಲ್ಲ. ಕೋಠಿಯಲ್ಲಾದರೆ ಪಾದಚಾರಿ ರಸ್ತೆಗಿಳಿಯುತ್ತಾನೆ, ಆಟೊ ಅವನ ಮೈಮೇಲೆ ಬರುತ್ತದೆ, ತಲೆಯ ಮೇಲೆ ವೈರುಗಳ ಜಾಲ, ಗಲ್ಲಿಯೊಳಗೆ ಬೆಂಕಿ ಹತ್ತಿದರೆ ಅಗ್ನಿಶಾಮಕ ವಾಹನ ನುಗ್ಗುವುದು ಕಷ್ಟ. ಬಜಾರನ್ನು ಪ್ರೀತಿಸುವವರು ಈ ಕೊರತೆಗಳನ್ನು ‘ಅದೇ ಅದರ ಸೊಬಗು’ ಎಂದು ಮುಚ್ಚಬಾರದು. ಶೌಚಾಲಯವಿಲ್ಲದ್ದು ಸೊಬಗಲ್ಲ.

ಆದರೆ ಮಾಲ್‌ನ ಆ ನೆಮ್ಮದಿ ಯಾರಿಗೆ ಎಂಬುದನ್ನೂ ನೋಡಬೇಕು. 1999ರಲ್ಲಿ ಮುಂಬೈಯಲ್ಲಿ ತೆರೆದ ಕ್ರಾಸ್‌ರೋಡ್ಸ್ ಮಾಲ್ ಆರಂಭದಲ್ಲಿ ಒಳಗೆ ಬರುವವರಿಗೆ ಪ್ರವೇಶ ಶುಲ್ಕ ಇಟ್ಟಿತ್ತು. ಮೊಬೈಲ್ ಫೋನ್ ಅಥವಾ ಕ್ರೆಡಿಟ್ ಕಾರ್ಡ್ ಇದ್ದವರಿಗೆ ವಿನಾಯಿತಿ. ಆ ಕಾಲ ಹೋಯಿತೆಂದು ನಾವು ನಂಬಿದ್ದಾಗ, 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲೇ ತಡೆಯಲಾಯಿತು. ಮಗನ ಜತೆ ಸಿನಿಮಾ ನೋಡಲು ಬಂದವರು ಅವರು, ಕೈಯಲ್ಲಿ ಟಿಕೆಟ್ ಇತ್ತು. ವಿಷಯ ವಿಧಾನಮಂಡಲಕ್ಕೆ ಬಂತು, ಸರ್ಕಾರ ಮಾಲನ್ನು 7 ದಿನ ಮುಚ್ಚಿಸುವುದಾಗಿ ಪ್ರಕಟಿಸಿತು. ಕಾವಲುಗಾರನೊಬ್ಬನ ತಪ್ಪೆಂದು ಇದನ್ನು ಬದಿಗೆ ಸರಿಸಬಾರದು. ಅವನೂ ಹಳ್ಳಿಯಿಂದ ಬಂದವನೇ ಇರಬಹುದು. ಯಾರು ಕೊಳ್ಳಬಲ್ಲರೋ ಅವರೇ ಜನ ಎಂಬ ಲೆಕ್ಕ ಆ ಬಾಗಿಲಲ್ಲಿ ಅವನಿಗೆ ಕಲಿಸಿದ ಪಾಠದಲ್ಲೇ ಇದೆ. ಕೋಠಿಯ ರಸ್ತೆಗೆ ಬಾಗಿಲಿಲ್ಲ. ಪಂಚೆ, ಬುರ್ಖಾ, ಲಂಬಾಣಿ ಲಂಗ, ಆಸ್ಪತ್ರೆಯ ಬ್ಯಾಂಡೇಜು ಎಲ್ಲಕ್ಕೂ ಅಲ್ಲಿ ಸಮಾನ ದಾರಿ.

ಮಾಲ್ ಎಂಬ ಕಲ್ಪನೆಯ ಮೂಲದಲ್ಲಿ ಈ ಸಂಕುಚಿತತೆ ಇರಲಿಲ್ಲ. ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ 1956ರಲ್ಲಿ ಮಿನ್ನೆಸೋಟಾದ ಈಡೈನಾದಲ್ಲಿ ಸೌತ್‌ಡೇಲ್ ಸೆಂಟರ್ ಕಟ್ಟಿದರು. ಪೂರ್ತಿ ಮುಚ್ಚಿದ, ಒಳಗೆ ಹವಾನಿಯಂತ್ರಣವಿರುವ ಮಾಲ್‌ಗಳಿಗೆ ಅದೇ ಮಾದರಿಯಾಯಿತು. ಗ್ರುಯೆನ್ ಬಯಸಿದ್ದು ಮನೆ, ಶಾಲೆ, ಆಸ್ಪತ್ರೆ, ಉದ್ಯಾನಗಳ ನಡುವೆ ಅಂಗಡಿಗಳಿರುವ ಊರ ನಡುಮನೆಯನ್ನು. ತಮ್ಮ ವಿಯೆನ್ನಾದ ಹಳೆಯ ಪೇಟೆಯಂಥದ್ದನ್ನು. ಕಟ್ಟಿದವರು ಅಂಗಡಿಗಳನ್ನು ಮಾತ್ರ ಇಟ್ಟುಕೊಂಡರು, ಸುತ್ತ ಕಾರು ನಿಲ್ಲಿಸುವ ಬಯಲು ಹಾಸಿದರು. ಬದುಕಿನ ಕೊನೆಯ ಭಾಗದಲ್ಲಿ ಗ್ರುಯೆನ್ ಈ ಬೆಳವಣಿಗೆಗೂ ತಮಗೂ ಸಂಬಂಧವಿಲ್ಲವೆಂದು ದೂರ ಸರಿದರು. ಅಮೆರಿಕದಲ್ಲಿ ಮಾಲ್‌ಗಳು ಮುಚ್ಚುತ್ತಿರುವ ಈ ದಿನಗಳಲ್ಲಿ ಅವುಗಳ ಖಾಲಿ ಜಾಗಕ್ಕೆ ಕ್ಲಿನಿಕ್, ಗ್ರಂಥಾಲಯ, ಮನೆಗಳನ್ನು ತರುವ ಪ್ರಯತ್ನ ಅಲ್ಲಲ್ಲಿ ನಡೆದಿದೆ. ಗ್ರುಯೆನ್ ಕೈಬಿಟ್ಟ ನಕ್ಷೆಗೇ ಅವು ತಿರುಗಿ ಬರುತ್ತಿವೆ.

ಹಾಗೆಂದು ಊರಿನ ಕೆಲಸವನ್ನು ಅಂಗಡಿಯ ಪಕ್ಕಕ್ಕೆ ತಂದುಬಿಟ್ಟರೆ ಸಾಕೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಬಿ.ಎಂ.ಟಿ.ಸಿ. ಶಾಂತಿನಗರ, ಜಯನಗರ ಮೊದಲಾದ ಕಡೆ ಕೇಂದ್ರ ಸರ್ಕಾರದ ನಗರ ನವೀಕರಣ ಯೋಜನೆಯ ನೆರವಿನಿಂದ ಸಂಚಾರ ನಿರ್ವಹಣಾ ಕೇಂದ್ರಗಳನ್ನು (ಟಿ.ಟಿ.ಎಂ.ಸಿ.) ಕಟ್ಟಿಸಿತು. ಕೆಳಗೆ ಬಸ್ ನಿಲ್ದಾಣ, ಮೇಲೆ ಮಳಿಗೆಗಳ ಮಹಡಿಗಳು. ಸಾವಿರಾರು ಜನ ದಿನಾ ಹಾದುಹೋಗುವ ಜಾಗ, ಬಾಡಿಗೆಯಿಂದ ಬಸ್ಸು ಸಾಕಬಹುದೆಂಬುದು ಲೆಕ್ಕ. ಆದರೆ ಎಷ್ಟೋ ಮಹಡಿಗಳು ವರ್ಷಗಟ್ಟಲೆ ಖಾಲಿ ಉಳಿದವು, ಕೆಲವಕ್ಕೆ ಸರ್ಕಾರಿ ಕಚೇರಿಗಳು ಬಂದವು. ಬಸ್ಸಿಗೆ ಕಾಯುವವನು ಬಾಳೆಹಣ್ಣಿಗಾಗಿ ಮೂರು ಮಹಡಿ ಹತ್ತುವುದಿಲ್ಲ. ಮೆಟ್ಟಿಲ ಮೇಲಿನ ದೊಡ್ಡ ಹಾಲ್‌ಗೆ ಟೆಂಡರ್ ಕರೆದರೆ ಬಳೆ ಮಾರುವವಳು ಅರ್ಜಿ ಹಾಕಲಾರಳು. ಕೋಠಿಯಲ್ಲಿ ಅಂಗಡಿ ಕಾಲಿನ ಮಟ್ಟದಲ್ಲಿದೆ, ಆರಡಿ ಅಗಲದ್ದಿದೆ, ಅದರ ಮುಂದೆ ಇನ್ನೂ ಚಿಕ್ಕದಾಗಿ ತಳ್ಳುಗಾಡಿ ಇದೆ. ಹತ್ತು ಸಾವಿರ ರೂಪಾಯಿ ಬಂಡವಾಳದವನಿಗೂ ಕೋಟಿಯವನಿಗೂ ಒಂದೇ ಬೀದಿಯಲ್ಲಿ ಜಾಗ ಸಿಗುವುದರಿಂದಲೇ ಅಲ್ಲಿ ಎಲ್ಲ ಬೆಲೆಯ ಸರಕೂ ಸಿಗುತ್ತದೆ.

ಹಾಗಾದರೆ ಮಾಲ್‌ಗಳಿಂದ ಏನು ಕೇಳಬೇಕು? ಖಾಸಗಿ ಕಟ್ಟಡ, ಒಡೆಯನಿಷ್ಟ ಎಂದು ಸುಮ್ಮನಿರಬೇಕಾಗಿಲ್ಲ. ಇವುಗಳಲ್ಲಿ ಹಲವು ಸಾರ್ವಜನಿಕ ನೆಲದ ಮೇಲೆ ನಿಂತಿವೆ. ಬೆಂಗಳೂರಿನ ಗರುಡಾ ಮಾಲ್ ಇರುವುದು ಪಾಲಿಕೆಯ ಜಾಗದಲ್ಲಿ. ಹೈದರಾಬಾದ್ ಮೆಟ್ರೊಗೆ ಟಿಕೆಟ್ ಹಣ ಮಾತ್ರ ಸಾಲದೆಂದು ಸರ್ಕಾರಿ ಜಾಗದಲ್ಲಿ 1.85 ಕೋಟಿ ಚದರಡಿಯಷ್ಟು ವಾಣಿಜ್ಯ ಕಟ್ಟಡ ಕಟ್ಟುವ ಹಕ್ಕನ್ನು ಮೆಟ್ರೊ ಕಟ್ಟಿದ ಎಲ್ ಆ್ಯಂಡ್ ಟಿ ಕಂಪನಿಗೆ ಕೊಡಲಾಯಿತು. ಪಂಜಾಗುಟ್ಟ, ಎರ್ರಮಂಜಿಲ್, ಹೈಟೆಕ್ ಸಿಟಿ, ಮೂಸಾರಾಂಬಾಗ್‌ಗಳಲ್ಲಿ ಮಾಲ್‌ಗಳು ಎದ್ದವು. ಆ ಕಂಪನಿ ಮೆಟ್ರೊದಿಂದ ಹೊರಬರಲು ಬಯಸಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಯೋಜನೆಯನ್ನು ತನ್ನ ಕೈಗೆ ತೆಗೆದುಕೊಳ್ಳಲು ತಾತ್ವಿಕವಾಗಿ ಒಪ್ಪಿತು. ಷರತ್ತು ಬರೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ನೆಲಮಹಡಿಯ ಒಂದು ಪಾಲು ದಿನಬಾಡಿಗೆಯ ಸಣ್ಣ ಮಳಿಗೆಗಳಿಗೆ ಮೀಸಲಿರಲಿ. ಒಂದು ಮೂಲೆಯಲ್ಲಿ ಗ್ರಂಥಾಲಯದ ಶಾಖೆ, ಸರ್ಕಾರಿ ಆರೋಗ್ಯ ಕೇಂದ್ರ, ಅರ್ಜಿ ಕೊಡುವ ಸೇವಾ ಕೇಂದ್ರ ಇರಲಿ. ಶೌಚಾಲಯ, ಕುಡಿಯುವ ನೀರು, ಬೆಂಚು ಕೊಳ್ಳುವವರಿಗೂ ಕೊಳ್ಳದವರಿಗೂ ಇರಲಿ. ಮುಖ್ಯ ಬಾಗಿಲು ಬಸ್ ನಿಲ್ದಾಣದ ಕಡೆಗೆ ತೆರೆಯಲಿ. ಉಡುಪಿನ ನೆಪದಲ್ಲಿ ಯಾರನ್ನಾದರೂ ತಡೆದರೆ ಪರವಾನಗಿಗೆ ಕುತ್ತು ಬರಲಿ. ಇದು ಮಾಲಿಕರಿಗೆ ಮಾಡುವ ಹಾನಿಯಲ್ಲ. ಗ್ರಂಥಾಲಯಕ್ಕೆ ಬರುವ ಹುಡುಗಿಗೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೂ ಕಾರಣವಿರುತ್ತದೆ. ಆ ಹೊತ್ತಿನಲ್ಲಿ ಮಾಲ್‌ನಲ್ಲಿ ಕಾವಲುಗಾರರನ್ನು ಬಿಟ್ಟರೆ ಹೆಚ್ಚು ಜನರಿರುವುದಿಲ್ಲ.

ಕೋಠಿಗೆ ಮಾಡಬೇಕಾದದ್ದು ಇನ್ನೂ ತುರ್ತಿನದು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಪುರಾವೆ ಪಕ್ಕದಲ್ಲೇ ಇದೆ. 1935ರಲ್ಲಿ ಕಟ್ಟಿದ ಮೊಅಜ್ಜಂ ಜಾಹಿ ಮಾರ್ಕೆಟ್ ದಶಕಗಳ ಕಾಲ ಫಲಕ, ಶೀಟು, ಕೊಳೆಗಳಡಿ ಮುಚ್ಚಿಹೋಗಿತ್ತು. ಜೀರ್ಣೋದ್ಧಾರದ ನಂತರ 2020ರಲ್ಲಿ ಆ ಕಲ್ಲಿನ ಕಟ್ಟಡ ಮತ್ತೆ ಮೈದೋರಿತು. ಅಂಗಡಿಗಳೂ ಐಸ್‌ಕ್ರೀಮಿನವರೂ ಅಲ್ಲೇ ಉಳಿದರು, ಸಂಜೆ ಅಂಗಳದಲ್ಲಿ ಜನ ಸೇರತೊಡಗಿದರು. ರೆಸಿಡೆನ್ಸಿ ಕಟ್ಟಡವೂ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ನೆರವಿನಿಂದ ದುರಸ್ತಿಯಾಗಿದೆ. ಉಸ್ಮಾನಿಯಾ ಜನರಲ್ ಆಸ್ಪತ್ರೆಯ ಹೊಸ ಕಟ್ಟಡಕ್ಕೆ 2025ರ ಜನವರಿ 31ರಂದು ಅಡಿಗಲ್ಲು ಬಿದ್ದದ್ದು ಗೋಶಾಮಹಲ್‌ನಲ್ಲಿ, ಹಳೆಯ ಪೇಟೆಗಳ ಮಗ್ಗುಲಲ್ಲೇ. ಇದು ಸರಿಯಾದ ತೀರ್ಮಾನ. ಆಸ್ಪತ್ರೆ, ಕಾಲೇಜು, ಕಚೇರಿಗಳನ್ನು ರಿಂಗ್ ರೋಡಿನ ಆಚೆಗೆ ಒಯ್ದ ನಗರಗಳು ತಮ್ಮ ಹಳೆಯ ಪೇಟೆಗಳ ಉಸಿರನ್ನು ತಾವೇ ಕಟ್ಟಿದವು. ಕಲಬುರಗಿಯ ಸೂಪರ್ ಮಾರ್ಕೆಟ್, ಕಪಡಾ ಬಜಾರುಗಳ ಭವಿಷ್ಯ ಯೋಚಿಸುವವರು, ಹುಬ್ಬಳ್ಳಿಯ ದುರ್ಗದಬೈಲಿನ ಬಗ್ಗೆ ನಕ್ಷೆ ಬರೆಯುವವರು ಇದನ್ನು ಮೊದಲು ಗಮನಿಸಬೇಕು.

ಆದರೆ ಕಟ್ಟಡ ಹೊಳೆದ ಮೇಲೆ ತಳ್ಳುಗಾಡಿಯವರನ್ನು ಎಬ್ಬಿಸುವ ಚಾಳಿ ನಮ್ಮ ಪಾಲಿಕೆಗಳಿಗಿದೆ. ಅದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಮೊದಲು ಸಮೀಕ್ಷೆ, ಆಮೇಲೆ ವ್ಯಾಪಾರದ ಪ್ರಮಾಣಪತ್ರ ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕೆನ್ನುತ್ತದೆ. ಆ ಸಮಿತಿ ಕೂಡಿ, ಗೆರೆ ಎಳೆದು, ನಡೆಯುವವರಿಗೆ ಇಷ್ಟು, ಮಾರುವವರಿಗೆ ಇಷ್ಟು ಎಂದು ಹಂಚಿದರೆ ಕೋಠಿಯ ಫುಟ್‌ಪಾತಿನ ಜಗಳ ಅರ್ಧ ಮುಗಿಯುತ್ತದೆ. ಸರಕಿನ ಲಾರಿಗಳಿಗೆ ರಾತ್ರಿಯ ಹೊತ್ತು, ಸುಲ್ತಾನ್ ಬಜಾರಿನ ಒಳರಸ್ತೆಗಳಿಗೆ ಹಗಲಿನಲ್ಲಿ ವಾಹನ ನಿಷೇಧ, ಗಲ್ಲಿಗಳಿಗೆ ಬೆಂಕಿ ನಂದಿಸುವ ನೀರಿನ ಕೊಳವೆ, ವೈರುಗಳಿಗೆ ನೆಲದಡಿಯ ದಾರಿ ಯಾವುದೂ ಅಸಾಧ್ಯದ ಕೆಲಸವಲ್ಲ. ಒಂದು ಮೇಲ್ಸೇತುವೆಗೆ ಸುರಿಯುವ ಹಣದ ಸಣ್ಣ ಪಾಲು ಸಾಕು.

ಮೆಟ್ರೊ ಮಾಲ್‌ಗಳ ಒಪ್ಪಂದವನ್ನು ಹೊಸದಾಗಿ ಬರೆಯಬಹುದಾದ ತೆಲಂಗಾಣ ಸರ್ಕಾರವೂ ಮುಂದಿನ ಮಾಲ್‌ಗೆ ನಕ್ಷೆ ಮಂಜೂರು ಮಾಡಲಿರುವ ನಮ್ಮ ಪಾಲಿಕೆಗಳೂ ಈ ಷರತ್ತುಗಳನ್ನು ಕಾಗದದ ಮೇಲೆ ತರಲಿ. ತರುವಂತೆ ನಾವು ಕೇಳೋಣ. ಒಪ್ಪಂದ, ನಕ್ಷೆ, ಟೆಂಡರ್‌ಗಳಿಗೆ ಸಮಯ ಹಿಡಿಯುತ್ತದೆ. ದಿನಾ ಸಾವಿರಾರು ಹೆಣ್ಣುಮಕ್ಕಳು ಬಂದುಹೋಗುವ ಸುಲ್ತಾನ್ ಬಜಾರಿನಲ್ಲಿ ಶುಚಿಯಾದ ಶೌಚಾಲಯಗಳನ್ನು ಕಟ್ಟಿ, ಅವನ್ನು ನೋಡಿಕೊಳ್ಳಲು ಸಂಬಳದ ಆಳುಗಳನ್ನು ನೇಮಿಸುವ ಕೆಲಸ ಅದಕ್ಕಾಗಿ ಕಾಯಬೇಕಿಲ್ಲ. ಅದನ್ನು ಈ ವರ್ಷವೇ ಮಾಡಬಹುದು.